ಏಳು ಪಟ್ಟಿ, ಮೂರು ಗೆಲುವು: ರೇಡಿಯೊ ನಿರೂಪಕರು ವರ್ಷದ ಆಲ್ಬಂ ಆರಿಸುವ ಬಗೆ

ಒಂದು ಲೆಕ್ಕದಿಂದ ಶುರು ಮಾಡೋಣ. ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಸಮುದಾಯ ಬಾನುಲಿ ಕೇಂದ್ರ ಇದೆ ಎಂದುಕೊಳ್ಳಿ. ಅಲ್ಲಿ ಏಳು ಜನ ನಿರೂಪಕರು. ಡಿಸೆಂಬರ್ ಬಂದಿದೆ. ಈ ವರ್ಷದ ಮೆಚ್ಚಿನ ಆಲ್ಬಂ ಯಾವುದು ಎಂದು ಎಲ್ಲರೂ ಸೇರಿ ಹೇಳಬೇಕು. ಕೊನೆಗೆ ನಾಲ್ಕು ಆಲ್ಬಂ ಉಳಿದಿವೆ. ಒಂದು ಖ್ಯಾಲ್ ಎಂಬ ಹಿಂದೂಸ್ತಾನಿ ಗಾಯನದ್ದು, ಒಂದು ತತ್ವಪದಗಳದ್ದು, ಒಂದು ಸಿನಿಮಾ ಹಾಡುಗಳದ್ದು, ಇನ್ನೊಂದು ಕನ್ನಡ ರ್ಯಾಪ್.

ಏಳೂ ಜನ ತಮ್ಮ ತಮ್ಮ ಇಷ್ಟವನ್ನು ಒಂದರಿಂದ ನಾಲ್ಕರವರೆಗೆ ಚೀಟಿಯಲ್ಲಿ ಬರೆದುಕೊಟ್ಟರು. ಮೂವರು ಬರೆದದ್ದು ಹೀಗೆ: ಸಿನಿಮಾ, ತತ್ವಪದ, ಖ್ಯಾಲ್, ರ್ಯಾಪ್. ಇಬ್ಬರು ಬರೆದದ್ದು: ಖ್ಯಾಲ್, ತತ್ವಪದ, ರ್ಯಾಪ್, ಸಿನಿಮಾ. ಉಳಿದಿಬ್ಬರದ್ದು: ರ್ಯಾಪ್, ತತ್ವಪದ, ಖ್ಯಾಲ್, ಸಿನಿಮಾ.

ಈಗ ಗೆದ್ದದ್ದು ಯಾವುದು?

ಮೊದಲ ಸ್ಥಾನಗಳನ್ನಷ್ಟೇ ಎಣಿಸಿದರೆ ಸಿನಿಮಾ ಆಲ್ಬಂ ಗೆಲ್ಲುತ್ತದೆ. ಅದಕ್ಕೆ ಮೂರು ಮತ, ಖ್ಯಾಲ್‌ಗೆ ಎರಡು, ರ್ಯಾಪ್‌ಗೆ ಎರಡು. ತತ್ವಪದಕ್ಕೆ ಸೊನ್ನೆ. ಆದರೆ ಅದೇ ಸಿನಿಮಾ ಆಲ್ಬಂ ಉಳಿದ ನಾಲ್ವರ ಚೀಟಿಯಲ್ಲೂ ಕಟ್ಟಕಡೆಯಲ್ಲಿದೆ. ಏಳರಲ್ಲಿ ನಾಲ್ವರಿಗೆ ಎಲ್ಲಕ್ಕಿಂತ ಕಡಿಮೆ ಇಷ್ಟವಾದದ್ದು ‘ನಮ್ಮ ಕೇಂದ್ರದ ವರ್ಷದ ಆಲ್ಬಂ’ ಆಗುತ್ತದೆ.

ಇನ್ನೊಂದು ರೀತಿ ನೋಡೋಣ. ಮೊದಲ ಸ್ಥಾನಕ್ಕೆ 4 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 2, ನಾಲ್ಕನೆಯದಕ್ಕೆ 1. ಕೂಡಿಸಿ ನೋಡಿ. ತತ್ವಪದಕ್ಕೆ 21, ಖ್ಯಾಲ್‌ಗೆ 18, ಸಿನಿಮಾಕ್ಕೆ 16, ರ್ಯಾಪ್‌ಗೆ 15. ಒಬ್ಬರ ಚೀಟಿಯಲ್ಲೂ ಮೊದಲು ಬಾರದ ತತ್ವಪದ ಎಲ್ಲರನ್ನೂ ದಾಟಿ ಮೇಲೆ ಬಂತು. ಈ ವಿಧಾನಕ್ಕೆ 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾ ಅವರ ಹೆಸರಿದೆ. ನಮ್ಮ ಶಾಲೆಗಳ ಭಾವಗೀತೆ ಸ್ಪರ್ಧೆಗಳಲ್ಲಿ ನಿರ್ಣಾಯಕರು ಅಂಕ ಕೊಟ್ಟು ಕೂಡಿಸುವುದೂ ಸುಮಾರಾಗಿ ಇದೇ ದಾರಿಯಲ್ಲಿ.

ಮೂರನೆಯ ದಾರಿ: ಪ್ರತಿಯೊಬ್ಬರ ಕೈಯಲ್ಲೂ 100 ಅಂಕ ಇರಲಿ, ಯಾವುದಕ್ಕೆ ಎಷ್ಟು ಬೇಕಾದರೂ ಹಂಚಲಿ. ಸಿನಿಮಾ ಇಷ್ಟಪಟ್ಟ ಮೂವರು ಸಮಾಧಾನದ ಜನ. ತಲಾ 40, 25, 20, 15 ಎಂದು ಹಂಚಿದರು. ಖ್ಯಾಲ್‌ನ ಇಬ್ಬರು 50, 25, 20, 5 ಎಂದರು. ರ್ಯಾಪ್ ಮೆಚ್ಚಿದ ಇಬ್ಬರಿಗೆ ಮಾತ್ರ ಆ ಆಲ್ಬಂ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಅದಕ್ಕೇ 80 ಕೊಟ್ಟು ಉಳಿದವಕ್ಕೆ 10, 5, 5 ಹಾಕಿದರು. ಒಟ್ಟು ಮಾಡಿದರೆ ರ್ಯಾಪ್‌ಗೆ 245, ಖ್ಯಾಲ್‌ಗೆ 170, ತತ್ವಪದಕ್ಕೆ 145, ಸಿನಿಮಾಕ್ಕೆ 140. ಈಗ ರ್ಯಾಪ್ ಗೆದ್ದಿತು.

ಅದೇ ಏಳು ಜನ, ಅದೇ ಇಷ್ಟ, ಅದೇ ಕ್ರಮ. ಎಣಿಸುವ ರೀತಿ ಬದಲಾದಂತೆ ಗೆದ್ದವರು ಬದಲಾದರು. ಇದರಲ್ಲಿ ಯಾರೂ ಮೋಸ ಮಾಡಿಲ್ಲ. ‘ವರ್ಷದ ನಂಬರ್ ಒನ್’ ಎಂಬ ಮಾತನ್ನು ಕೇಳುವಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ಹೇಗೆ ಎಣಿಸಿದಿರಿ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡವರು ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ವಾರಪತ್ರಿಕೆಯವರು. ಅವರ ವಾರ್ಷಿಕ ಸಮೀಕ್ಷೆಯಲ್ಲಿ ಒಬ್ಬೊಬ್ಬ ವಿಮರ್ಶಕರೂ ಹತ್ತು ಆಲ್ಬಂಗಳಿಗೆ 100 ಅಂಕ ಹಂಚಬೇಕಿತ್ತು. ಆದರೆ ಒಂದು ಕಟ್ಟು ಇತ್ತು. ಯಾವ ಆಲ್ಬಂಗೂ 30ಕ್ಕಿಂತ ಹೆಚ್ಚು ಕೊಡುವಂತಿಲ್ಲ, 5ಕ್ಕಿಂತ ಕಡಿಮೆಯೂ ಕೊಡುವಂತಿಲ್ಲ. ಈ ಕಟ್ಟು ಏಕೆ ಬೇಕು ಎಂಬುದು ಮೇಲಿನ ಲೆಕ್ಕದಲ್ಲೇ ಗೊತ್ತಾಗುತ್ತದೆ. ನಮ್ಮ ಏಳು ಜನಕ್ಕೂ 40ರ ಮಿತಿ ಹಾಕಿ ನೋಡಿ. ಖ್ಯಾಲ್‌ನವರೂ ರ್ಯಾಪ್‌ನವರೂ 40, 30, 20, 10 ಎಂದು ಹಂಚಬೇಕಾಯಿತು ಎನ್ನೋಣ. ಆಗ ತತ್ವಪದ 195, ಖ್ಯಾಲ್ 180, ರ್ಯಾಪ್ 165, ಸಿನಿಮಾ 160. ಪ್ರೀತಿ ಎಷ್ಟು ತೀವ್ರ ಎಂದು ಹೇಳಲು ಜಾಗವಿದೆ, ಆದರೆ ಇಬ್ಬರ ಹಟ ಉಳಿದ ಐವರನ್ನು ಮುಳುಗಿಸುವುದಿಲ್ಲ.

ನನಗೆ ಈ ವಿಧಾನವೇ ಹೆಚ್ಚು ನ್ಯಾಯ ಅನಿಸುತ್ತದೆ. ಆದರೂ ಇದರಲ್ಲೂ ಒಂದು ಕೊರತೆ ಇದೆ. ಎಲ್ಲರೂ ಒಪ್ಪುವಂಥದ್ದು ಮೇಲೆ ಬರುತ್ತದೆ. ಮದುವೆ ಊಟದಲ್ಲಿ ಅನ್ನ-ಸಾರು ಎಲ್ಲರ ಎಲೆಯಲ್ಲೂ ಇರುತ್ತದೆ, ಮನೆಗೆ ಹೋಗುವಾಗ ಜನ ಮಾತಾಡುವುದು ಬೇರೆ ಏನೋ ಒಂದರ ಬಗ್ಗೆ, ಅಲ್ವಾ? ಒಬ್ಬ ನಿರೂಪಕಿಗೆ ಇಡೀ ವರ್ಷ ಬಿಡದೆ ಕಾಡಿದ ಆಲ್ಬಂ ಒಟ್ಟು ಪಟ್ಟಿಯಲ್ಲಿ ಹದಿನಾರನೆಯ ಸ್ಥಾನದಲ್ಲಿ ಕಾಣೆಯಾಗಬಹುದು. ಎಣಿಕೆಯ ನಿಯಮವನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಎಲ್ಲರ ಕ್ರಮವನ್ನೂ ಕೂಡಿಸಿ, ನಮಗೆ ಸಹಜವೆನಿಸುವ ಎಲ್ಲ ಷರತ್ತುಗಳನ್ನೂ ಒಟ್ಟಿಗೆ ಪಾಲಿಸುವ ಒಂದೇ ಕ್ರಮ ಮಾಡುವ ವಿಧಾನವೇ ಇಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನ್ನೆತ್ ಆ್ಯರೋ 1951ರಲ್ಲಿ ತೋರಿಸಿಕೊಟ್ಟರು.

ಹಾಗಾದರೆ ರೇಡಿಯೊ ಕೇಂದ್ರ ಏನು ಮಾಡಬೇಕು? ನನ್ನ ಉತ್ತರ ಸರಳ. ಏಳು ಪಟ್ಟಿಗಳನ್ನೂ ಬೇರೆ ಬೇರೆಯಾಗಿಯೇ ಜನರ ಮುಂದೆ ಇಡಬೇಕು. ಕೂಡಿಸಿದ ಪಟ್ಟಿ ಬೇಕೆಂದರೆ ಪಕ್ಕದಲ್ಲಿರಲಿ. ಅಮೆರಿಕದ ಸಿಯಾಟಲ್‌ನ ಕೆಇಎಕ್ಸ್‌ಪಿ ಕೇಂದ್ರದವರು ಎರಡನ್ನೂ ಮಾಡುತ್ತಾರೆ. ಕೇಳುಗರ ಮತದಿಂದ ಆಗುವ ಪಟ್ಟಿ ಒಂದು. ಕೇಂದ್ರದ ತರಂಗಾಂತರ 90.3, ಆದ್ದರಿಂದ ಆ ಪಟ್ಟಿಗೂ ‘90.3 ಆಲ್ಬಂ’ ಎಂದೇ ಹೆಸರು. ಅದರ ಜೊತೆಗೆ ಒಬ್ಬೊಬ್ಬ ಡಿಜೆಯ ಸ್ವಂತ ಪಟ್ಟಿಯೂ ಇರುತ್ತದೆ. ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೆಯದು. ಯಾಕೆಂದರೆ ಅದರ ಹಿಂದೆ ಒಬ್ಬ ಮನುಷ್ಯರಿದ್ದಾರೆ. ಅವರ ಕಿವಿ ಎಂಥದ್ದು ಎಂದು ವಾರವಾರ ಕೇಳಿ ನಮಗೆ ಗೊತ್ತಾಗಿರುತ್ತದೆ.

ಈ ಕೆಲಸಕ್ಕೆ ಸಮುದಾಯ ರೇಡಿಯೊವೇ ಯಾಕೆ

ಖಾಸಗಿ ಎಫ್‌ಎಂನಲ್ಲಿ ಯಾವ ಹಾಡು ಎಷ್ಟು ಹೊತ್ತಿಗೆ ಬರಬೇಕೆಂದು ಸಾಮಾನ್ಯವಾಗಿ ಮೊದಲೇ ಕಚೇರಿಯಲ್ಲಿ ಜೋಡಿಸಿರುತ್ತಾರೆ. ಅದಕ್ಕೆಂದೇ ಸಾಫ್ಟ್‌ವೇರ್ ಇದೆ. ಆರ್‌ಜೆ ಮಧ್ಯೆ ಮಾತಾಡುತ್ತಾರೆ, ಹಾಡು ಆರಿಸುವುದು ಅಪರೂಪ. ಮೊಬೈಲ್ ಆ್ಯಪ್‌ಗಳ ‘ವರ್ಷದ ಟಾಪ್’ ಅಂತೂ ಎಷ್ಟು ಸಲ ಕೇಳಿದರು ಎಂಬ ಎಣಿಕೆ ಮಾತ್ರ. ಹೆಚ್ಚು ಕೇಳಿದ್ದು ಹೆಚ್ಚು ಇಷ್ಟವಾದದ್ದೇ ಆಗಬೇಕೆಂದಿಲ್ಲ. ಜಿಮ್ಮಿನಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಸುಮ್ನೆ ಓಡುತ್ತಿದ್ದ ಹಾಡೂ ಆ ಎಣಿಕೆಯಲ್ಲಿ ಇರುತ್ತದೆ.

ಸಮುದಾಯ ರೇಡಿಯೊದ ಕಥೆ ಬೇರೆ. ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳು ಇಂಥ ಕೇಂದ್ರ ನಡೆಸಬಹುದು ಎಂದಾಯಿತು. 2006ರ ನೀತಿಯಲ್ಲಿ ಲಾಭಕ್ಕಾಗಿ ಅಲ್ಲದ ಸಂಘಸಂಸ್ಥೆಗಳಿಗೂ, ಕೃಷಿ ವಿಜ್ಞಾನ ಕೇಂದ್ರಗಳಿಗೂ ಬಾಗಿಲು ತೆರೆಯಿತು. ನಮ್ಮ ಕಡೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೇಂದ್ರ 2007ರಿಂದಲೇ 90.4ರಲ್ಲಿ ರೈತರ ಜೊತೆ ಮಾತಾಡುತ್ತ ಬಂದಿದೆ.

ನಿಯಮದ ಪ್ರಕಾರ ಇಂಥ ಕೇಂದ್ರದ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರಬಾರದು, ಆ್ಯಂಟೆನಾ 30 ಮೀಟರ್‌ಗಿಂತ ಎತ್ತರ ಇರಬಾರದು. ಹತ್ತು-ಹದಿನೈದು ಕಿಲೋಮೀಟರ್‌ವರೆಗೆ ಚೆನ್ನಾಗಿ ಕೇಳಿಸುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಅಂದರೆ ಧಾರವಾಡದ ಕೇಂದ್ರ ನಡುವಿನ ನವನಗರ ದಾಟುವಷ್ಟರಲ್ಲಿ ಕೊರಕೊರ ಅನ್ನಲು ಶುರುವಾಗಬಹುದು. ಅವಳಿ ನಗರ ಎನ್ನುತ್ತೇವೆ, ಆದರೆ ಒಂದೇ ಸಮುದಾಯ ಕೇಂದ್ರ ಎರಡನ್ನೂ ತುಂಬುವುದು ಕಷ್ಟ. ಇದು ಕೊರತೆ ಅನಿಸಬಹುದು. ಆದರೆ ನಿರೂಪಕರಿಗೂ ಕೇಳುಗರಿಗೂ ನಡುವಿನ ದೂರ ಇಷ್ಟು ಕಡಿಮೆ ಇರುವುದರಿಂದಲೇ ಈ ಪಟ್ಟಿಗೆ ಬೆಲೆ. ಸಂಜೆ ಕಾರ್ಯಕ್ರಮ ನಡೆಸುವವರನ್ನು ಮರುದಿನ ಮಾರ್ಕೆಟ್ಟಿನಲ್ಲಿ ನಿಲ್ಲಿಸಿ, ‘ಅಕ್ಕಾರ, ನಿನ್ನಿ ಹಾಕಿದ ಪದಾ ಇನ್ನೊಮ್ಮೆ ಹಾಕ್ರಿ’ ಎಂದು ಕೇಳಬಹುದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನರ ಪಾಲುಗಾರಿಕೆಯಿಂದ ತಯಾರಾಗಬೇಕು ಎಂಬ ನಿಯಮವೂ ಇದೆ. ಆದ್ದರಿಂದ ಹೊರಗಿನ ಆಲ್ಬಂಗಳಿಗೆ ಸಿಗುವ ಹೊತ್ತು ಕಡಿಮೆ. ಕಡಿಮೆ ಹೊತ್ತಿನಲ್ಲಿ ಏನು ಹಾಕಬೇಕೆಂದು ವರ್ಷವಿಡೀ ಯೋಚಿಸಿದವರ ಪಟ್ಟಿ ಅದು.

ಯಾವುದನ್ನು ಆಲ್ಬಂ ಎನ್ನಬೇಕು

ಕನ್ನಡದಲ್ಲಿ ನಿಜವಾದ ತಲೆನೋವು ಇಲ್ಲಿದೆ. ಎಣಿಸುವುದಕ್ಕಿಂತ ಮೊದಲು ಎಣಿಸುವ ವಸ್ತು ಬೇಕಲ್ಲ.

ಆಲ್ಬಂ ಎಂಬ ಕಲ್ಪನೆ ಯಂತ್ರದಿಂದ ಹುಟ್ಟಿದ್ದು. ಗ್ರಾಮಫೋನಿನ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ, ಮೂರೂವರೆ ನಿಮಿಷ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಹಾಡಿದ್ದು ಇಂಥ ಪ್ಲೇಟುಗಳಿಗಾಗಿ. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕು. ಆಲಾಪಕ್ಕೆ ಪುರಸೊತ್ತಿಲ್ಲ. ನೇರ ರಾಗದಲ್ಲಿ ಕೂರಿಸಿದ ಪದ, ಅಂದರೆ ಬಂದಿಶ್‌ಗೆ ಬಂದು, ವೇಗದ ಸ್ವರಸಾಲುಗಳಾದ ನಾಲ್ಕು ತಾನ್ ಹಾಕಿ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ನಿಲ್ಲಬೇಕು. ಆ ಪ್ಲೇಟುಗಳನ್ನು ಇಂದು ಕೇಳಿದರೆ ಆ ಅವಸರದೊಳಗೂ ರಾಗದ ಮುಖ ಎಷ್ಟು ಸ್ಪಷ್ಟ ಎಂದು ಬೆರಗಾಗುತ್ತದೆ. ಅಂಥದ್ದನ್ನು ಮಾಡಲು ಎಂಥ ತಯಾರಿ ಬೇಕು, ಯೋಚಿಸಿ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ಪ್ಲೇಟು ತಂದಿತು. ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ. ಈಗ ಖ್ಯಾಲ್ ಉಸಿರಾಡಿತು. ಒಂದು ಬದಿಯಲ್ಲಿ ಒಂದು ರಾಗ, ಇನ್ನೊಂದು ಬದಿಯಲ್ಲಿ ಇನ್ನೊಂದು. ಗದಗಿನ ಭೀಮಸೇನ ಜೋಶಿ, ಧಾರವಾಡದ ಮಲ್ಲಿಕಾರ್ಜುನ ಮನಸೂರ ಅವರ ಗಾಯನ ದೇಶದ ಮನೆಮನೆಗೆ ತಲುಪಿದ್ದರಲ್ಲಿ ರೇಡಿಯೊ ಮತ್ತು ಸಂಗೀತ ಕಛೇರಿಗಳ ಜೊತೆಗೆ ಈ ಉದ್ದದ ಪ್ಲೇಟುಗಳ ಪಾಲೂ ದೊಡ್ಡದು. ಆಮೇಲೆ ಕ್ಯಾಸೆಟ್ ಬಂತು. ಕನ್ನಡದಲ್ಲಿ ಸಿನಿಮಾ ಅಲ್ಲದ ಹಾಡುಗಳಿಗೆ ಮನೆ ಸಿಕ್ಕಿದ್ದೇ ಕ್ಯಾಸೆಟ್‌ನಲ್ಲಿ. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾಗಿದೆ. ಒಬ್ಬ ಕವಿ, ಒಬ್ಬ ಸಂಯೋಜಕ, ಎರಡು ಬದಿ. ಒಂದು ಕ್ರಮದಲ್ಲಿ ಕೂತು ಕೇಳುವಂಥದ್ದು. ಸಿ. ಅಶ್ವಥ್ ಅವರು ಶಿಶುನಾಳ ಶರೀಫರ ಪದಗಳನ್ನು ನಾಡಿಗೆಲ್ಲ ಮುಟ್ಟಿಸಿದ್ದೂ ಈ ಕ್ಯಾಸೆಟ್ ಕಾಲದಲ್ಲಿ.

ಈಗ ಆ ಎರಡು ಬದಿ ಹೋಗಿವೆ. ಸಿನಿಮಾ ಹಾಡುಗಳು ಒಂದೊಂದೇ ಲಿರಿಕಲ್ ವಿಡಿಯೊ ಆಗಿ ತಿಂಗಳಿಗೊಂದರಂತೆ ಬರುತ್ತವೆ. ಎಲ್ಲ ಬರುವಷ್ಟರಲ್ಲಿ ಸಿನಿಮಾನೇ ಬಂದಿರುತ್ತದೆ. ಉತ್ತರ ಕರ್ನಾಟಕದ ಜಾನಪದ ಹಾಡುಗಳ ದೊಡ್ಡ ಲೋಕವೇ ಯೂಟ್ಯೂಬ್‌ನಲ್ಲಿದೆ. ಪುಟ್ಟ ಸ್ಟುಡಿಯೊ, ಒಂದು ಕೀಬೋರ್ಡ್, ಒಂದು ಹಾಡು. ಮಾಲು ಸಾಗಿಸುವ ಟ್ರ್ಯಾಕ್ಟರ್‌ನಿಂದ ಜಾತ್ರೆಯ ತೊಟ್ಟಿಲವರೆಗೆ ಎಲ್ಲ ಕಡೆ ಅದು ಕೇಳಿಸುತ್ತದೆ. ಆದರೆ ಅವರಲ್ಲಿ ಆಲ್ಬಂ ಮಾಡುವವರು ಬಹಳ ಕಡಿಮೆ. ‘ವರ್ಷದ ಆಲ್ಬಂ’ ಎಂದು ಕಟ್ಟುನಿಟ್ಟು ಮಾಡಿದರೆ ನಮ್ಮ ಭಾಗದ ಜನ ಅತಿ ಜಾಸ್ತಿ ಕೇಳುವ ಸಂಗೀತವೇ ಪಟ್ಟಿಯಿಂದ ಹೊರಗೆ ಬೀಳುತ್ತದೆ.

ಬೇರೆಯವರು ಇದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆ ನೋಡಬಹುದು. ಗ್ರ್ಯಾಮಿ ಪ್ರಶಸ್ತಿಯ ನಿಯಮದಲ್ಲಿ ಆಲ್ಬಂ ಎಂದರೆ ಕನಿಷ್ಠ ಐದು ಬೇರೆ ಬೇರೆ ಹಾಡು ಮತ್ತು ಒಟ್ಟು 15 ನಿಮಿಷ. ಇಲ್ಲವೇ ಹಾಡು ಎಷ್ಟೇ ಇರಲಿ, ಒಟ್ಟು 30 ನಿಮಿಷ. ಈ ಎರಡನೆಯ ದಾರಿ ನಮಗೆ ಚೆನ್ನಾಗಿ ಹೊಂದುತ್ತದೆ. ಎರಡೇ ರಾಗ, ಒಂದು ಗಂಟೆ ಇರುವ ಖ್ಯಾಲ್ ಆಲ್ಬಂಗೂ ಜಾಗ ಸಿಗುತ್ತದೆ. ಒಂದೇ ಗೀಗೀ ಪದ ಮುಕ್ಕಾಲು ಗಂಟೆ ಹಾಡಿದ ಮೇಳಕ್ಕೂ ಸಿಗುತ್ತದೆ. ಬಿಡಿ ಹಾಡುಗಳಿಗೆ ಬೇರೆಯದೇ ಒಂದು ಪಟ್ಟಿ ಇರಲಿ ಎಂದು ನನ್ನ ಅಭಿಪ್ರಾಯ. ಆಲ್ಬಂನ ಸಾಲಿಗೆ ಅವುಗಳನ್ನು ಎಳೆದು ತರುವುದೂ ಬೇಡ, ಆಲ್ಬಂ ಅಲ್ಲವೆಂದು ಕೈಬಿಡುವುದೂ ಬೇಡ.

ಇನ್ನು ‘ಈ ವರ್ಷದ್ದು’ ಎಂಬ ಮಾತು. ಬಿಬಿಸಿಯ ನಿರೂಪಕ ಜಾನ್ ಪೀಲ್ 1976ರಲ್ಲಿ ಕೇಳುಗರ ಮತದಿಂದ ಐವತ್ತು ಹಾಡುಗಳ ಪಟ್ಟಿ ಶುರು ಮಾಡಿದಾಗ ಯಾವ ಕಾಲದ ಹಾಡಿಗೆ ಬೇಕಾದರೂ ಮತ ಹಾಕಬಹುದಿತ್ತು. ವರ್ಷ ವರ್ಷವೂ ಅವೇ ಹಳೆಯ ಹಾಡುಗಳು ಮೇಲೆ ಬರತೊಡಗಿದವು. ಕೊನೆಗೆ 1982ರಿಂದ ಆ ವರ್ಷದ ಹಾಡುಗಳಿಗೆ ಮಾತ್ರ ಎಂದು ಬದಲಾಯಿಸಿದರು. ನಮ್ಮಲ್ಲಿ ಈ ನಿಯಮ ಇನ್ನೂ ಮುಖ್ಯ. ಇಲ್ಲವಾದರೆ ಪ್ರತಿ ವರ್ಷ ಭೀಮಸೇನ ಜೋಶಿಯವರೇ ಗೆಲ್ಲುತ್ತಾರೆ, ಇವತ್ತು ಹಾಡುತ್ತಿರುವ ಇಪ್ಪತ್ತೈದರ ಹುಡುಗಿಗೆ ಜಾಗವೇ ಇರುವುದಿಲ್ಲ. ಆದರೆ ಆಕಾಶವಾಣಿಯ ಸಂಗ್ರಹದಿಂದಲೋ ಯಾರದೋ ಮನೆಯ ಪೆಟ್ಟಿಗೆಯಿಂದಲೋ ಹೊರಬಂದ ಹಳೆಯ ಕಛೇರಿಯ ಧ್ವನಿಮುದ್ರಣ ಈ ವರ್ಷ ಮೊದಲ ಸಲ ಬಿಡುಗಡೆಯಾದರೆ? ಅದಕ್ಕೆ ‘ಹಳೆಯದು, ಈಗ ಬಂದದ್ದು’ ಎಂದು ಪ್ರತ್ಯೇಕ ಸಾಲು ಮಾಡುವುದು ಒಳ್ಳೆಯದು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಊರಿನಲ್ಲಿ ಈ ಸಾಲು ಖಾಲಿ ಉಳಿಯುವುದಿಲ್ಲ.

ಕೇಳದೆ ಇದ್ದದ್ದಕ್ಕೆ ಎಷ್ಟು ಅಂಕ

ಮೇಲಿನ ಲೆಕ್ಕದಲ್ಲಿ ನಾನೊಂದು ಸುಲಭ ಮಾಡಿಕೊಂಡಿದ್ದೆ. ಏಳೂ ಜನ ನಾಲ್ಕೂ ಆಲ್ಬಂ ಕೇಳಿದ್ದಾರೆ ಎಂದುಕೊಂಡಿದ್ದೆ. ನಿಜದಲ್ಲಿ ಹಾಗಿರುವುದಿಲ್ಲ. ಬೆಳಗಿನ ವಚನ ಕಾರ್ಯಕ್ರಮದ ಹಿರಿಯರು ರ್ಯಾಪ್ ಆಲ್ಬಂ ಕೇಳಿರುವುದಿಲ್ಲ. ರಾತ್ರಿ ಕಾರ್ಯಕ್ರಮದ ಹುಡುಗ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗಾಯಕರೊಬ್ಬರ ಹೊಸ ಮುದ್ರಣ ಕೇಳಿರುವುದಿಲ್ಲ. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಿಂದ ಬಂದವರು ನಾಡಿನ ತುಂಬ ಹಾಡುತ್ತಿದ್ದಾರೆ, ಅವರ ಆಲ್ಬಂಗೆ ಪ್ರಚಾರ ಮಾಡುವವರು ಇರುವುದಿಲ್ಲ.

ಕೇಳದಿರುವುದಕ್ಕೆ ಸೊನ್ನೆ ಅಂಕ ಎಂದರೆ ‘ಇಷ್ಟವಾಗಲಿಲ್ಲ’ ಎಂಬುದಕ್ಕೂ ‘ಸಿಗಲಿಲ್ಲ’ ಎಂಬುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಒಟ್ಟು ಅಂಕ ನೋಡಿದರೆ ದೊಡ್ಡ ಕಂಪನಿಯ, ಎಲ್ಲರ ಕಿವಿಗೆ ಬಿದ್ದ ಆಲ್ಬಂ ಗೆಲ್ಲುತ್ತದೆ. ಸರಾಸರಿ ನೋಡಿದರೆ ಒಬ್ಬರೇ ಕೇಳಿ ಪೂರ್ತಿ ಅಂಕ ಕೊಟ್ಟದ್ದು ಗೆಲ್ಲುತ್ತದೆ. ಎರಡೂ ತಪ್ಪು. ಕೆಲಸಕ್ಕೆ ಬರುವ ದಾರಿ ಎಂದರೆ ಎರಡು ಹಂತ. ನವೆಂಬರ್ ಮೊದಲ ವಾರ ಪ್ರತಿಯೊಬ್ಬರೂ ಮೂರು ಆಲ್ಬಂ ಹೆಸರಿಸಬೇಕು, ಬೇರೆಯವರು ಕೇಳಿರಲಿಕ್ಕಿಲ್ಲ ಅನಿಸಿದ್ದು ಅದರಲ್ಲಿ ಒಂದಾದರೂ ಇರಬೇಕು. ಆ ಇಪ್ಪತ್ತೊಂದನ್ನು ಎಲ್ಲರೂ ತಿಂಗಳು ಪೂರ್ತಿ ಕೇಳಬೇಕು. ಆಮೇಲೆ ಚೀಟಿ. ಅಷ್ಟು ಮಾಡಿದರೂ ಪೂರ್ತಿ ಕೇಳಿದವರು ನಾಲ್ವರಿಗಿಂತ ಕಡಿಮೆ ಇದ್ದರೆ ಆ ಆಲ್ಬಂ ಕೂಡಿಸಿದ ಪಟ್ಟಿಗೆ ಬರಬಾರದು. ಅದು ಹೆಸರಿಸಿದವರ ಸ್ವಂತ ಪಟ್ಟಿಯಲ್ಲಿ ಇದ್ದೇ ಇರುತ್ತದಲ್ಲ.

ಚೀಟಿಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಊರು ಸಂಗೀತದ ಊರು. ಅಂದರೆ ಗುರುಗಳ ಊರು. ಒಂದು ಕೋಣೆಯಲ್ಲಿ ಏಳು ಜನ ಕೂತು ಒಬ್ಬೊಬ್ಬರಾಗಿ ಹೇಳಿ ಎಂದರೆ, ಹಿರಿಯರು ಮೊದಲು ಬಾಯಿ ತೆರೆಯುತ್ತಾರೆ. ಅವರು ಒಂದು ಖ್ಯಾಲ್ ಆಲ್ಬಂ ಹೆಸರು ಹೇಳಿದ ಮೇಲೆ ಇಪ್ಪತ್ತೆರಡರ ಹುಡುಗಿ ಎದ್ದು ‘ನನಗೆ ಅದು ಬ್ಯಾಸರ ಆತ್ರಿ ಸರ್’ ಎನ್ನುವುದಿಲ್ಲ. ‘ಹೌದ್ರಿ, ಭಾಳ ಚೊಲೊ ಐತಿ’ ಎನ್ನುತ್ತಾಳೆ. ಅದು ಗೌರವ, ಒಳ್ಳೆಯದೇ. ಆದರೆ ಅಲ್ಲಿಗೆ ಏಳು ಕಿವಿ ಒಂದು ಕಿವಿ ಆಯಿತು. ಆದ್ದರಿಂದ ಮಾತಿಗೆ ಕೂರುವ ಮೊದಲೇ ಬರೆದು, ಮಡಚಿ, ಡಬ್ಬಿಗೆ ಹಾಕಬೇಕು. ಚರ್ಚೆ ಆಮೇಲೆ ಎಷ್ಟು ಬೇಕಾದರೂ ಆಗಲಿ, ಚೀಟಿ ಬದಲಾಗಬಾರದು.

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು ಸಂಬಂಧಗಳದ್ದು. ಧಾರವಾಡದಲ್ಲಿ ಹಾಡುವವರಿಗೂ ಕೇಳುವವರಿಗೂ ಎಲ್ಲೋ ಒಂದು ಕಡೆ ನಂಟು ಇರುತ್ತದೆ. ಗುರುಗಳ ಮಗಳ ಆಲ್ಬಂ, ಗುರುಬಂಧುವಿನ ಆಲ್ಬಂ, ತಬಲಾ ನುಡಿಸಿದ್ದು ಸ್ವಂತ ತಮ್ಮ. ಇಂಥವರು ಮತ ಹಾಕಲೇಬಾರದು ಎಂದರೆ ಹಿಂದೂಸ್ತಾನಿ ಗೊತ್ತಿರುವ ಒಬ್ಬರೂ ಉಳಿಯುವುದಿಲ್ಲ. ಹಾಕಲಿ. ಆದರೆ ಪ್ರಸಾರದಲ್ಲಿ ‘ಇವರು ನನ್ನ ಗುರುಗಳು’ ಎಂದು ಹೇಳಿ ಹಾಕಲಿ. ಕೇಳುಗರು ಜಾಣರು, ತೂಗಿಕೊಳ್ಳುತ್ತಾರೆ.

ಹಕ್ಕು ಮತ್ತು ದುಡ್ಡು

ಪಟ್ಟಿ ಓದುವುದಕ್ಕೆ ಯಾರ ಅನುಮತಿಯೂ ಬೇಡ. ಹಾಡು ಹಾಕುವುದಕ್ಕೆ ಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ ಪ್ರಕಾರ ಒಂದು ಮುದ್ರಿತ ಹಾಡಿನಲ್ಲಿ ಸಾಹಿತ್ಯದ ಹಕ್ಕು, ಸಂಗೀತ ಸಂಯೋಜನೆಯ ಹಕ್ಕು, ಧ್ವನಿಮುದ್ರಣದ ಹಕ್ಕು ಬೇರೆ ಬೇರೆ. ಬರೆದವರ, ಸಂಯೋಜಿಸಿದವರ ಪರವಾಗಿ ಐಪಿಆರ್‌ಎಸ್ ಎಂಬ ಸಂಸ್ಥೆ ರಾಯಲ್ಟಿ ವಸೂಲು ಮಾಡುತ್ತದೆ. ಮುದ್ರಣದ ಹಕ್ಕು ಸಾಮಾನ್ಯವಾಗಿ ಆಡಿಯೊ ಕಂಪನಿಯ ಬಳಿ ಇರುತ್ತದೆ. 2012ರ ತಿದ್ದುಪಡಿಯಲ್ಲಿ ಎರಡು ಮುಖ್ಯ ವಿಷಯ ಸೇರಿದವು. ಒಂದು, ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಯೋಜಕರಿಗೆ ಚಿತ್ರಮಂದಿರದ ಹೊರಗಿನ ಬಳಕೆಯಲ್ಲಿ ರಾಯಲ್ಟಿ ಪಾಲು ಇದ್ದೇ ಇರಬೇಕು. ಇನ್ನೊಂದು, 31ಡಿ ಕಲಮಿನ ಪ್ರಕಾರ ಪ್ರಸಾರ ಕೇಂದ್ರಗಳು ಮುಂಚಿತವಾಗಿ ತಿಳಿಸಿ, ನಿಗದಿಯಾದ ದರ ಕೊಟ್ಟು, ಪ್ರಕಟವಾದ ಹಾಡನ್ನು ಬಳಸಬಹುದು.

ಕಡಿಮೆ ದುಡ್ಡಿನ ಸಮುದಾಯ ಕೇಂದ್ರಕ್ಕೆ ಇದು ಸಣ್ಣ ವಿಷಯವಲ್ಲ. ಯಾವ ಕಂಪನಿಯ ಜೊತೆ ಒಪ್ಪಂದ ಇದೆಯೋ ಆ ಕಂಪನಿಯ ಆಲ್ಬಂ ವರ್ಷವಿಡೀ ಪ್ರಸಾರವಾಗುತ್ತದೆ, ಅದೇ ನಿರೂಪಕರ ಕಿವಿಯಲ್ಲಿ ಉಳಿಯುತ್ತದೆ, ಅದೇ ಡಿಸೆಂಬರ್ ಪಟ್ಟಿಗೆ ಬರುತ್ತದೆ. ಹೀಗೆ ಕಾಗದದ ಮೇಲಿನ ಒಪ್ಪಂದ ಸದ್ದಿಲ್ಲದೆ ರುಚಿಯನ್ನು ನಿರ್ಧರಿಸುತ್ತದೆ. ಸ್ಥಳೀಯ ಕಲಾವಿದರಿಂದ ನೇರವಾಗಿ, ಬರಹದಲ್ಲಿ ಅನುಮತಿ ತೆಗೆದುಕೊಳ್ಳುವುದು ಇದಕ್ಕೆ ಒಂದು ಪರಿಹಾರ. ಹಾವೇರಿ ಕಡೆಯ ಭಜನಾ ಮೇಳವೊಂದು ಸ್ವಂತ ಖರ್ಚಿನಲ್ಲಿ ಮಾಡಿದ ಮುದ್ರಣಕ್ಕೆ ಹಕ್ಕುದಾರರು ಅವರೇ. ಒಂದು ಹಾಳೆಯ ಒಪ್ಪಿಗೆ ಸಾಕು. ಅವರು ಹಾಡಿದ ಶರೀಫರ ಪದದ ಸಾಹಿತ್ಯಕ್ಕಂತೂ ಯಾರ ಹಕ್ಕೂ ಇಲ್ಲ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅದೇ ಪದವನ್ನು ಒಬ್ಬರು ಏಕತಾರಿ ಹಿಡಿದು ಹಾಡುತ್ತಾರೆ, ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಗಿಟಾರ್ ಹಿಡಿದು ಹಾಡಿದರು. ಪದ ಎಲ್ಲರದ್ದು, ಒಂದೊಂದು ಮುದ್ರಣ ಒಬ್ಬೊಬ್ಬರದ್ದು.

ಮುದ್ರಣದ ಹಕ್ಕಿಗೂ ಅವಧಿ ಇದೆ. ಪ್ರಕಟವಾದ ಮುಂದಿನ ವರ್ಷದ ಜನವರಿಯಿಂದ 60 ವರ್ಷ. ಹಾಗಾಗಿ 1930ರ ದಶಕದ ಪ್ಲೇಟುಗಳ ಮುದ್ರಣಕ್ಕೆ ಈಗ ಅಡ್ಡಿ ಇಲ್ಲ. ‘ಹಳೆಯದು, ಈಗ ಬಂದದ್ದು’ ಸಾಲಿಗೆ ಇದೂ ಒಂದು ಅನುಕೂಲ.

ಜನರಿಗೆ ಹೇಗೆ ಕೊಡಬೇಕು

ಏಳು ನಿರೂಪಕರಿಗೆ ಏಳು ದಿನ, ದಿನಕ್ಕೊಂದು ಗಂಟೆ. ಹತ್ತು ಹೆಸರು ಓದಿ ಮುಗಿಸುವುದಕ್ಕಿಂತ ಐದೇ ಆಲ್ಬಂ ತೆಗೆದುಕೊಂಡು ಪ್ರತಿಯೊಂದರಿಂದ ಒಂದು ಹಾಡು ಪೂರ್ತಿ ಹಾಕುವುದು ವಾಸಿ. ಖ್ಯಾಲ್ ಆದರೆ ಮಧ್ಯಲಯದ, ಅಂದರೆ ನಡುವೇಗದ ಭಾಗದಿಂದ ಆರೇಳು ನಿಮಿಷ. ಯಾಕೆ ಇಷ್ಟವಾಯಿತು ಎಂದು ಹೇಳುವಾಗ ‘ಅದ್ಭುತ’, ‘ಸೂಪರ್’ ಎನ್ನುವುದರಿಂದ ಕೇಳುಗರಿಗೆ ಏನೂ ಸಿಗುವುದಿಲ್ಲ. ‘ಎರಡನೇ ಹಾಡಿನಲ್ಲಿ ದಮ್ಮಡಿ ನಿಂತ ಮೇಲೆ ಬರೀ ದನಿ ಉಳಿಯುತ್ತದಲ್ಲ, ಅಲ್ಲಿ ಕಿವಿ ಇಡಿ’ ಎಂದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರೂ ಕೈ ನಿಲ್ಲಿಸಿ ಕೇಳುತ್ತಾರೆ. ಕೂಡಿಸಿದ ಪಟ್ಟಿಯನ್ನು ಎಂಟನೆಯ ದಿನ ಓದಲಿ, ಓದುವ ಮೊದಲು ಎಣಿಸಿದ ನಿಯಮವನ್ನು ಎರಡು ವಾಕ್ಯದಲ್ಲಿ ಹೇಳಲಿ.

ಕೇಳುವವರೂ ಒಂದು ಕೆಲಸ ಮಾಡಬಹುದು. ಏಳು ಪಟ್ಟಿಗಳಲ್ಲಿ ನಿಮಗೆ ಈಗಾಗಲೇ ಗೊತ್ತಿರುವ ಆಲ್ಬಂ ಹುಡುಕಿ. ಅದನ್ನು ನಿಮ್ಮಷ್ಟೇ ಮೆಚ್ಚಿದ ನಿರೂಪಕರು ಯಾರೆಂದು ನೋಡಿ. ಅವರ ಪಟ್ಟಿಯಲ್ಲಿ ನೀವು ಕೇಳದೆ ಇರುವುದನ್ನು ಮೊದಲು ಕೇಳಿ. ಆಮೇಲೆ ನಿಮ್ಮ ರುಚಿಗೆ ಪೂರ್ತಿ ವಿರುದ್ಧ ಇರುವವರ ಮೊದಲ ಆಲ್ಬಂ ಒಂದನ್ನು ಕೇಳಿ. ಕೂಡಿಸಿದ ಪಟ್ಟಿಯಿಂದ ಈ ಎರಡೂ ಸಾಧ್ಯವಿಲ್ಲ.

ಕೊನೆಯದಾಗಿ ಹೆಸರುಗಳ ವಿಷಯ. ಇದನ್ನು ಯಾವ ಕೇಂದ್ರವೂ ಮರೆಯಬಾರದು. ಹಳೆಯ ಪ್ಲೇಟು, ಕ್ಯಾಸೆಟ್‌ಗಳ ಹೊದಿಕೆಯ ಮೇಲೆ ಹಾರ್ಮೋನಿಯಂ ಯಾರು, ತಬಲಾ ಯಾರು, ಮುದ್ರಿಸಿದವರು ಯಾರು ಎಂದು ಬಹಳ ಸಲ ಬರೆದಿರುತ್ತಿತ್ತು. ಈಗ ಆ್ಯಪ್‌ನಲ್ಲಿ ಗಾಯಕರ ಹೆಸರು ಮತ್ತು ಒಂದು ಚಿತ್ರ ಕಾಣುತ್ತದೆ. ಜಾನಪದ ಹಾಡುಗಳಲ್ಲಂತೂ ಪದ ಕಟ್ಟಿದವರ ಹೆಸರೇ ಎಷ್ಟೋ ಸಲ ಇರುವುದಿಲ್ಲ, ಚಾನೆಲ್ ಹೆಸರು ಮಾತ್ರ ದೊಡ್ಡದಾಗಿ ಇರುತ್ತದೆ. ಆದ್ದರಿಂದ ಪಟ್ಟಿಯ ಪ್ರತಿ ಸಾಲಿನಲ್ಲೂ ಪದ ಕಟ್ಟಿದವರು, ಸಂಯೋಜಿಸಿದವರು, ಹಾಡಿದವರು, ನುಡಿಸಿದವರೆಲ್ಲ, ಮುದ್ರಣವಾದ ಊರು, ವರ್ಷ ಇರಬೇಕು. ಗೊತ್ತಿಲ್ಲದಿದ್ದರೆ ಕಲಾವಿದರಿಗೆ ಫೋನ್ ಮಾಡಿ ಕೇಳಿ ಬರೆಯಬೇಕು. ಹದಿನೈದು ಕಿಲೋಮೀಟರ್ ಒಳಗೇ ಇರುವವರನ್ನು ಕೇಳುವುದು ದೊಡ್ಡ ಕೆಲಸವಲ್ಲ. ಪ್ರಸಾರದಲ್ಲಿ ಅಷ್ಟೂ ಹೆಸರನ್ನು ಓದಬೇಕು, ಓದಿದ ಹಾಳೆಯನ್ನೂ ಏಳು ಚೀಟಿಗಳನ್ನೂ ಒಂದೇ ಕಡತದಲ್ಲಿ ಹಾಕಿ, ಮೇಲೆ ವರ್ಷ ಬರೆದು, ಕೇಂದ್ರದ ಕಪಾಟಿನಲ್ಲಿ ಇಡಬೇಕು.